ಸ್ಯಾಲರಿಯಲ್ಲಿ ಉಪ್ಪೆಷ್ಟು, ಪಗಾರದಲ್ಲಿ ಲ್ಯಾಟಿನ್ ಎಷ್ಟು?

ಪ್ರಶ್ನೆ: ನಾನು ಧಾರವಾಡ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ರೋಮನ್ ಸೈನಿಕರಿಗೆ ಪಗಾರದ ಬದಲು ಉಪ್ಪು ಕೊಡುತ್ತಿದ್ದರು, ಅದಕ್ಕೇ ‘ಸ್ಯಾಲರಿ’ ಎಂಬ ಪದ ಬಂತು ಎಂದು ಮೊನ್ನೆ ವಾಟ್ಸಾಪ್‌ನಲ್ಲಿ ಓದಿದೆ. ಇದು ನಿಜವೇ? ಇಂಗ್ಲಿಷ್ ಪೂರ್ತಿ ಲ್ಯಾಟಿನ್‌ನಿಂದ ಬಂದಿದೆ ಎಂದು ಕೆಲವರು ಹೇಳುತ್ತಾರೆ. ಆ ಲ್ಯಾಟಿನ್ನೇ ಸಂಸ್ಕೃತದಿಂದ ಬಂದಿದೆ ಎಂದು ಇನ್ನು ಕೆಲವರು. ಮಕ್ಕಳಿಗೆ ಲ್ಯಾಟಿನ್ ಬೇರುಗಳನ್ನು ಹೇಳಿಕೊಟ್ಟರೆ ಇಂಗ್ಲಿಷ್ ಪದಗಳು ಸುಲಭವಾಗುತ್ತವೆಯೇ? ಕೊನೆಗೆ, ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ. ಸೆಪ್ಟೆಂಬರ್‌ನಲ್ಲಿ ‘ಸಪ್ತ’ ಇದ್ದ ಹಾಗೆ ಕೇಳಿಸುತ್ತದೆ, ಆದರೆ ಅದು ಒಂಬತ್ತನೇ ತಿಂಗಳಲ್ವಾ ಸರ್? ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ: ಉಪ್ಪಿನಿಂದಲೇ ಶುರು ಮಾಡೋಣ. ಆ ಸಂದೇಶದಲ್ಲಿ ಅರ್ಧ ನಿಜ ಇದೆ. ಉಳಿದರ್ಧ ಯಾರೋ ಬೆರೆಸಿದ ಮಸಾಲೆ.

ಲ್ಯಾಟಿನ್‌ನಲ್ಲಿ, ಅಂದರೆ ಹಳೆಯ ರೋಮನ್ನರ ಭಾಷೆಯಲ್ಲಿ, ಉಪ್ಪಿಗೆ ‘ಸಾಲ್’. ಭತ್ಯೆಗೆ, ಸಂಭಾವನೆಗೆ ‘ಸಲಾರಿಯುಮ್’. ಎರಡನೆಯದು ಮೊದಲನೆಯದರಿಂದ ಹುಟ್ಟಿದ ಪದ. ಪದದ ರೂಪ ನೋಡಿದರೇ ಅದು ಗೊತ್ತಾಗುತ್ತದೆ. ಹಿರಿಯ ಪ್ಲಿನಿ ಎಂಬ ರೋಮನ್ ಲೇಖಕನೂ ಇದನ್ನೇ ಹೇಳಿದ್ದಾನೆ. ಈತ ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೆಟ್ಟ ಬೆಂಕಿ ಕಾರಿದಾಗ ಸತ್ತವನು. ತನ್ನ ದೊಡ್ಡ ವಿಶ್ವಕೋಶದಲ್ಲಿ ಉಪ್ಪಿನ ಮಹಿಮೆ ಬರೆಯುತ್ತಾ, ಸಲಾರಿಯುಮ್ ಎಂಬ ಹೆಸರೂ ಉಪ್ಪಿನಿಂದಲೇ ಬಂತು ಎಂದು ಒಂದು ಮಾತು ಸೇರಿಸಿ ಮುಂದೆ ಹೋಗುತ್ತಾನೆ. ಅಷ್ಟೇ. ಸೈನಿಕರನ್ನು ಸಾಲಾಗಿ ನಿಲ್ಲಿಸಿ ಉಪ್ಪು ಅಳೆದು ಕೊಟ್ಟರು ಎಂದು ಅವನು ಹೇಳಿಲ್ಲ. ರೋಮನ್ನರ ಕಾಲದ ಬೇರೆ ಯಾರೂ ಹೇಳಿಲ್ಲ. ಉಪ್ಪು ಕೊಳ್ಳಲು ಕೊಟ್ಟ ದುಡ್ಡು ಎಂಬ ವಿವರಣೆಯೂ ಆಮೇಲಿನವರ ಊಹೆ.

ಹಾಗಾದರೆ ಸೈನಿಕರಿಗೆ ಏನು ಕೊಡುತ್ತಿದ್ದರು? ದುಡ್ಡನ್ನೇ. ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ಒಬ್ಬ ಕಾಲಾಳಿಗೆ ವರ್ಷಕ್ಕೆ 225 ದೆನಾರಿಯಸ್. ಅದು ಬೆಳ್ಳಿ ನಾಣ್ಯ. ಮೂರು ಕಂತಿನಲ್ಲಿ ಕೊಡುತ್ತಿದ್ದರು. ಅದರಲ್ಲೇ ಊಟದ ಖರ್ಚು, ಬಟ್ಟೆಯ ಖರ್ಚು ಮುರಿದುಕೊಳ್ಳುತ್ತಿದ್ದರು. ಈಗಿನ ಪೇ ಸ್ಲಿಪ್ಪಿನ ಹಾಗೆಯೇ! ಆ ಸಂಬಳದ ಹೆಸರು ಸಲಾರಿಯುಮ್ ಅಲ್ಲವೇ ಅಲ್ಲ, ‘ಸ್ಟಿಪೆಂಡಿಯುಮ್’. ನಮ್ಮ ಹೌಸ್ ಸರ್ಜನ್‌ಗಳು ತಿಂಗಳಾದ ಮೇಲೆ ಕಾಯುವ ಸ್ಟೈಪೆಂಡ್ ಅದರದೇ ಸಂತಾನ. ಅಂದಹಾಗೆ, ಅಗಸ್ಟಸ್‌ನ ಕಾಲದ ಆ ದೆನಾರಿಯಸ್ ನಾಣ್ಯಗಳು ಚಿತ್ರದುರ್ಗದ ಚಂದ್ರವಳ್ಳಿಯ ಮಣ್ಣಿನಲ್ಲೂ ಸಿಕ್ಕಿವೆ. ಹಳೆಯ ಕಥೆಗಳಲ್ಲಿ ಬರುವ ‘ದೀನಾರ’ ಇದೇ ಪದ.

ಈ ಉಪ್ಪಿನ ಕಥೆ ನಮ್ಮವರಿಗೆ ಯಾಕೆ ಇಷ್ಟು ಬೇಗ ಹಿಡಿಸುತ್ತದೆ ಎಂದರೆ, ನಮ್ಮಲ್ಲೂ ಚಾಕರಿಗೂ ಉಪ್ಪಿಗೂ ಗಂಟು ಬಿದ್ದಿದೆ. ‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎನ್ನುವ ಊರಿನವರಿಗೆ ಉಪ್ಪಿನ ಸಂಬಳ ಅಂದರೆ ತಟ್ಟನೆ ನಂಬಿಕೆ ಬರುತ್ತದೆ. ಪದಗಳ ಬೇರು ಹುಡುಕುವಾಗ ಎಚ್ಚರ ಬೇಕಾದದ್ದು ಇಲ್ಲೇ. ಕಥೆ ತೀರಾ ಚಂದ ಇದ್ದರೆ ಒಮ್ಮೆ ಅನುಮಾನದಿಂದ ನೋಡಿ.

ಆದರೆ ನೀವು ಪ್ರಶ್ನೆಯಲ್ಲೇ ಒಂದು ಪದ ಬಳಸಿದ್ದೀರಿ: ಪಗಾರ. ಸ್ಯಾಲರಿಯ ಮೂಲ ಹುಡುಕುತ್ತಾ ಕೂತಿರುವ ನಿಮ್ಮ ನಾಲಿಗೆಯ ಮೇಲೇ ಲ್ಯಾಟಿನ್ ಕೂತಿದೆ! ಪಗಾರ ನಮಗೆ ಬಂದದ್ದು ಪೋರ್ಚುಗೀಸರಿಂದ. ಅವರ ಭಾಷೆಯಲ್ಲಿ ‘ಪಗಾರ್’ ಎಂದರೆ ಹಣ ಸಲ್ಲಿಸುವುದು. ಅದು ಲ್ಯಾಟಿನ್‌ನ ‘ಪಾಕಾರೆ’ಯಿಂದ ಬಂದದ್ದು. ಪಾಕಾರೆ ಎಂದರೆ ಸಮಾಧಾನ ಮಾಡುವುದು. ಸಾಲ ಕೊಟ್ಟವನು ಬಾಗಿಲಿಗೆ ಬಂದು ಕೂಗಾಡುತ್ತಿದ್ದಾನೆ, ಅವನ ಬಾಕಿ ತೀರಿಸಿ ಬಾಯಿ ಮುಚ್ಚಿಸಿದಿರಿ ಅಂದುಕೊಳ್ಳಿ. ಅದು ಪಾಕಾರೆ. ಇದೇ ಪದ ಫ್ರೆಂಚ್ ಬಾಯಲ್ಲಿ ಸವೆದು, ಇಂಗ್ಲಿಷಿಗೆ ಹೋಗಿ ‘ಪೇ’ ಆಯಿತು. ಇಂಗ್ಲಿಷಿನ ‘ಪೀಸ್’, ಅಂದರೆ ಶಾಂತಿ, ಅದೂ ಇದೇ ಮನೆತನ. ಹೀಗಾಗಿ ಬೆಂಗಳೂರಿನ ಆಫೀಸಿನ ಪೇ, ಹುಬ್ಬಳ್ಳಿಯ ಪಗಾರ ಎರಡೂ ಒಂದೇ ತಾಯಿಯ ಮಕ್ಕಳು. ಒಂದು ಲಂಡನ್ ಸುತ್ತಿ ಬಂತು, ಇನ್ನೊಂದು ಗೋವಾ ದಾಟಿ ಬಂತು. ಚಾವಿ, ಪಾದ್ರಿ, ಅಲ್ಮೇರಾ, ಇವೂ ಪೋರ್ಚುಗೀಸರ ಹಡಗಿನಲ್ಲಿ ಬಂದ ಲ್ಯಾಟಿನ್ ಪದಗಳೇ.

ಇನ್ನು, ಇಂಗ್ಲಿಷ್ ಪೂರ್ತಿ ಲ್ಯಾಟಿನ್‌ನಿಂದ ಬಂತು ಎನ್ನುವ ಮಾತು. ಇದು ತಪ್ಪು. ಕನ್ನಡ ಪೂರ್ತಿ ಸಂಸ್ಕೃತದಿಂದ ಬಂತು ಎನ್ನುವುದು ಎಷ್ಟು ತಪ್ಪೋ ಇದೂ ಅಷ್ಟೇ ತಪ್ಪು, ಮತ್ತು ತಪ್ಪಾಗಿರುವುದು ಅದೇ ಕಾರಣಕ್ಕೆ. ಇಂಗ್ಲಿಷ್ ಜರ್ಮನ್, ಡಚ್ ಭಾಷೆಗಳ ಬಳಗದ್ದು. ಅಪ್ಪ-ಅಮ್ಮ, ಕೈ-ಕಾಲು, ನೀರು, ಮನೆ, ತಿನ್ನು, ಕುಡಿ, ಬಾ, ಹೋಗು, ಇಂಥ ಪದಗಳೆಲ್ಲ ಇಂಗ್ಲಿಷಿಗೆ ಅದರ ಸ್ವಂತ ಆಸ್ತಿ. ವಾಕ್ಯ ಕಟ್ಟುವ ರೀತಿಯೂ ಸ್ವಂತದ್ದೇ. ಆದರೆ ನಿಘಂಟು ತೆರೆದು ಎಣಿಸಲು ಕೂತರೆ ಅರ್ಧಕ್ಕಿಂತ ಜಾಸ್ತಿ ಪದಗಳು ಲ್ಯಾಟಿನ್‌ನವು. ಕೆಲವು ನೇರವಾಗಿ ಬಂದವು, ತುಂಬಾ ಪದಗಳು ಫ್ರೆಂಚ್ ಮೂಲಕ ಬಂದವು. ಅಡುಗೆಮನೆಯಲ್ಲಿ ಕನ್ನಡ, ಭಾಷಣದಲ್ಲಿ ಸಂಸ್ಕೃತ ಅನ್ನುತ್ತೇವಲ್ಲ, ಇಂಗ್ಲಿಷಿನ ಕಥೆಯೂ ಹೆಚ್ಚುಕಡಿಮೆ ಅದೇ.

ಲ್ಯಾಟಿನ್ ಒಂದೇ ಸಲ ನುಗ್ಗಿ ಬಂದದ್ದಲ್ಲ. ಇಂಗ್ಲಿಷರ ಪೂರ್ವಜರು ಬ್ರಿಟನ್ನಿಗೆ ಕಾಲಿಡುವ ಮುಂಚೆಯೇ ರೋಮನ್ ವ್ಯಾಪಾರಿಗಳಿಂದ, ಸೈನಿಕರಿಂದ ಒಂದಷ್ಟು ಪದ ಕಲಿತಿದ್ದರು. ವೈನ್, ಚೀಸ್, ವಾಲ್, ಸ್ಟ್ರೀಟ್, ಮೈಲ್ ಇವೆಲ್ಲ ಆ ಕಾಲದ ಸರಕು. ಆಮೇಲೆ 597ರಲ್ಲಿ ರೋಮಿನಿಂದ ಕ್ರೈಸ್ತ ಪಾದ್ರಿಗಳು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯಕ್ಕೆ ಬಂದರು. ಅವರ ಜೊತೆ ಇನ್ನಷ್ಟು ಪದಗಳು ಬಂದವು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ವಿಲಿಯಂ ಇಂಗ್ಲೆಂಡ್ ಗೆದ್ದ. ಮುಂದಿನ ಸುಮಾರು ಮುನ್ನೂರು ವರ್ಷ ಆಸ್ಥಾನದಲ್ಲೂ ಕೋರ್ಟಿನಲ್ಲೂ ಫ್ರೆಂಚಿನದೇ ಮೇಲುಗೈ. ಫ್ರೆಂಚ್ ಅಂದರೆ ಸಾವಿರ ವರ್ಷ ಜನರ ಬಾಯಲ್ಲಿ ಉರುಳಿದ ಲ್ಯಾಟಿನ್. ಅದಾದ ಮೇಲೆ, ಹದಿನಾರು, ಹದಿನೇಳನೇ ಶತಮಾನಗಳಲ್ಲಿ, ಪಂಡಿತರು ಹಳೆಯ ಪುಸ್ತಕಗಳಿಂದ ನೇರವಾಗಿ ಲ್ಯಾಟಿನ್ ಪದಗಳನ್ನು ಎತ್ತಿಕೊಂಡರು.

ಮೈಲ್ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಲ್ಯಾಟಿನ್‌ನಲ್ಲಿ ‘ಮಿಲ್ಲೆ’ ಎಂದರೆ ಸಾವಿರ. ಸೈನಿಕನ ಒಂದೇ ಕಾಲು, ಎಡಗಾಲು ಅಂತಿಟ್ಟುಕೊಳ್ಳಿ, ಸಾವಿರ ಸಲ ನೆಲಕ್ಕೆ ತಾಗಿದರೆ ಅದು ಒಂದು ಮೈಲಿ. ಹಾಗಾಗಿ ನಮ್ಮ ಮೈಲಿಗಲ್ಲು ಅಂದರೆ ಲ್ಯಾಟಿನ್‌ನ ಸಾವಿರ, ಕನ್ನಡದ ಕಲ್ಲು.

ಈಗ ನಿಮ್ಮ ಕ್ಲಾಸಿಗೆ ನಿಜವಾಗಿ ಕೆಲಸಕ್ಕೆ ಬರುವ ವಿಷಯ. ನಿಮ್ಮ ಮಕ್ಕಳಿಗೆ ಲ್ಯಾಟಿನ್ ಗೊತ್ತಿಲ್ಲ, ಆದರೆ ತತ್ಸಮ-ತದ್ಭವ ಗೊತ್ತು. ಪಕ್ಷಿ-ಹಕ್ಕಿ, ವರ್ಣ-ಬಣ್ಣ, ಕಾವ್ಯ-ಕಬ್ಬ ಎಂದು ಕನ್ನಡ ಮೇಷ್ಟ್ರು ಬಾಯಿಪಾಠ ಮಾಡಿಸಿರುತ್ತಾರೆ. ಇಂಗ್ಲಿಷಿನಲ್ಲೂ ಇದೇ ಆಟ ಇದೆ. ಪುಸ್ತಕದಿಂದ ಹಾಗೆಯೇ ಎತ್ತಿಕೊಂಡ ಲ್ಯಾಟಿನ್ ಪದ ತತ್ಸಮ. ಫ್ರೆಂಚರ ಬಾಯಲ್ಲಿ ಸವೆದು ಬಂದದ್ದು ತದ್ಭವ. ಎಷ್ಟೋ ಸಲ ಒಂದೇ ಪದ ಎರಡೂ ದಾರಿಯಲ್ಲಿ ಬಂದು, ಎರಡು ಪದವಾಗಿ ಕೂತಿದೆ. ಪಾರ್ಸೆಲ್ ಮೇಲೆ ಬರೆಯುವ ‘ಫ್ರ್ಯಾಜೈಲ್’ ತತ್ಸಮ, ಬಡಕಲು ದೇಹಕ್ಕೆ ಹೇಳುವ ‘ಫ್ರೇಲ್’ ತದ್ಭವ. ‘ಸೆಕ್ಯೂರ್’ ತತ್ಸಮ, ‘ಶೂರ್’ ತದ್ಭವ. ‘ಕಂಪ್ಯೂಟ್’ ತತ್ಸಮ, ‘ಕೌಂಟ್’ ತದ್ಭವ. ಬ್ಯಾಂಕಿನ ಕೌಂಟರ್ ಮೇಲೆ ಕಂಪ್ಯೂಟರ್ ಇಟ್ಟಿರುತ್ತಾರಲ್ಲ, ಅದು ಅಣ್ಣನ ಹೆಗಲ ಮೇಲೆ ತಮ್ಮ ಕೂತ ಹಾಗೆ. ಹಿಂದೆ ದುಡ್ಡು ಎಣಿಸಲು ಇಡುತ್ತಿದ್ದ ಮೇಜಿಗೇ ಕೌಂಟರ್ ಎನ್ನುತ್ತಿದ್ದರು.

ನನಗೆ ತುಂಬಾ ಇಷ್ಟವಾದ ಜೋಡಿ ‘ರೀಗಲ್’ ಮತ್ತು ‘ರಾಯಲ್’. ಎರಡರ ಮೂಲವೂ ಲ್ಯಾಟಿನ್‌ನ ‘ರೇಗಾಲಿಸ್’, ಅಂದರೆ ರಾಜನಿಗೆ ಸೇರಿದ್ದು. ರೀಗಲ್‌ನಲ್ಲಿ ಗಕಾರ ಉಳಿಯಿತು. ಫ್ರೆಂಚರ ಬಾಯಲ್ಲಿ ಎರಡು ಸ್ವರದ ನಡುವೆ ಸಿಕ್ಕ ಗಕಾರ ಕರಗಿ ಯಕಾರವಾಯಿತು, ಅದೇ ರಾಯಲ್. ಈಗ ನಮ್ಮ ಕಡೆ ನೋಡಿ. ‘ರಾಜ’ ತತ್ಸಮ. ಪ್ರಾಕೃತದ ಬಾಯಲ್ಲಿ ಜಕಾರ ಕರಗಿ ಯಕಾರವಾಗಿ ‘ರಾಯ’ ಆಯಿತು, ಕೃಷ್ಣದೇವರಾಯನ ರಾಯ. ಸಾವಿರಾರು ಮೈಲಿ ದೂರದ ಎರಡು ಜನಾಂಗ, ಒಬ್ಬರಿಗೊಬ್ಬರು ಗೊತ್ತೇ ಇಲ್ಲದೆ, ಒಂದೇ ಮೂಲದ ಪದವನ್ನು ಒಂದೇ ಥರ ಸವೆಸಿದ್ದಾರೆ. ರಾಯಲ್ ಮತ್ತು ರಾಯ ಹೀಗೆ ಒಂದೇ ಥರ ಕೇಳಿಸುವುದು ಪೂರ್ತಿ ಕಾಕತಾಳೀಯವೂ ಅಲ್ಲ, ಎರವಲೂ ಅಲ್ಲ. ಅದು ಯಾಕೆ ಎಂದು ಮುಂದೆ ಹೇಳುತ್ತೇನೆ.

ಪಂಡಿತರ ಹುಚ್ಚಾಟವೂ ಸ್ವಲ್ಪ ಇದೆ. ಸಾಲ ಎಂಬ ಅರ್ಥದ ‘ಡೆಟ್’ ಪದಕ್ಕೆ ಸ್ಪೆಲ್ಲಿಂಗಿನಲ್ಲಿ ಒಂದು ‘ಬಿ’ ಇದೆ, ಮಕ್ಕಳು ಅದನ್ನು ಬಿಟ್ಟು ಬೈಸಿಕೊಳ್ಳುತ್ತಾರೆ. ಮೊದಲು ಅದು ಇರಲೇ ಇಲ್ಲ. ಫ್ರೆಂಚಿನಿಂದ ಬಂದಾಗ ‘ಬಿ’ ಇಲ್ಲದೆಯೇ ಬಂದಿತ್ತು. ಲ್ಯಾಟಿನ್‌ನ ‘ದೇಬಿತುಮ್’ ನೆನಪಾಗಲಿ ಎಂದು ಆಮೇಲಿನವರು ತುರುಕಿದರು. ಉಚ್ಚಾರ ಮಾತ್ರ ಬದಲಾಗಲಿಲ್ಲ. ಅದೇ ಪದ ಇನ್ನೊಮ್ಮೆ ನೇರವಾಗಿ ಬಂದಾಗ ‘ಡೆಬಿಟ್’ ಆಯಿತು, ಅಲ್ಲಿ ‘ಬಿ’ ಕೇಳಿಸುತ್ತದೆ. ‘ಐಲೆಂಡ್’ ಪದದ ಮೂಗ ‘ಎಸ್’ ಇನ್ನೂ ತಮಾಷೆ. ಅದು ಅಪ್ಪಟ ಇಂಗ್ಲಿಷ್ ಪದ. ಲ್ಯಾಟಿನ್‌ನಲ್ಲಿ ದ್ವೀಪಕ್ಕೆ ‘ಇನ್ಸುಲಾ’ ಇದೆ ಅಂತ ಇದಕ್ಕೂ ಒಂದು ‘ಎಸ್’ ಅಂಟಿಸಿದರು. ಕನ್ನಡದ ಪದಕ್ಕೂ ಗತ್ತು ಬರಲಿ ಎಂದು ಬೇಡದ ಕಡೆ ಮಹಾಪ್ರಾಣ ಸೇರಿಸಿ ದನವನ್ನು ಧನ ಮಾಡುವವರು ನಮ್ಮಲ್ಲೂ ಇದ್ದಾರಲ್ಲ, ಅಂಥವರೇ.

ಮಕ್ಕಳಿಗೆ ಲ್ಯಾಟಿನ್ ದೂರದ್ದು ಎನಿಸಬಾರದು ಎಂದರೆ, ಮನೆಯಲ್ಲಿರುವ ಔಷಧಿ ಚೀಟಿಯೊಂದನ್ನು ತರಲು ಹೇಳಿ. ಮೇಲ್ಗಡೆ ‘ಆರ್’ ಅಕ್ಷರದ ಕಾಲಿಗೆ ಅಡ್ಡಗೀಟು ಹಾಕಿದ ಗುರುತು ಇರುತ್ತದೆ. ಅದು ‘ರೆಕಿಪೆ’, ಅಂದರೆ ‘ತಗೋ’. ಔಷಧಿ ಕಲಸುವವನಿಗೆ ವೈದ್ಯ ಕೊಡುವ ಅಪ್ಪಣೆ ಅದು: ಇಂಥದ್ದು ಇಷ್ಟು ತಗೋ, ಅಂಥದ್ದು ಅಷ್ಟು ತಗೋ. ಅಡುಗೆಯ ‘ರೆಸಿಪಿ’ ಕೂಡ ಇದೇ ಪದ. ಮೊದಲು ಅದು ಕಷಾಯಕ್ಕೆ ಇದ್ದದ್ದು, ಸಾರಿಗೆ ಬಂದದ್ದು ಆಮೇಲೆ. ಮಾತ್ರೆಯ ಹೆಸರಿನ ಪಕ್ಕ ‘ಬಿ.ಡಿ.’ ಎಂದಿದ್ದರೆ ‘ಬಿಸ್ ದಿಯೆ’, ದಿನಕ್ಕೆ ಎರಡು ಸಲ. ‘ಟಿ.ಡಿ.ಎಸ್.’ ಎಂದರೆ ‘ತೆರ್ ದಿಯೆ ಸುಮೆಂದುಮ್’, ದಿನಕ್ಕೆ ಮೂರು ಸಲ ತೆಗೆದುಕೊಳ್ಳತಕ್ಕದ್ದು. ‘ಎ.ಸಿ.’ ಎಂದರೆ ‘ಆಂತೆ ಕಿಬುಮ್’, ಊಟಕ್ಕೆ ಮುಂಚೆ. ‘ಪಿ.ಸಿ.’ ಎಂದರೆ ಊಟ ಆದ ಮೇಲೆ. ‘ಎಚ್.ಎಸ್.’ ಎಂದರೆ ‘ಹೋರಾ ಸೊಮ್ನಿ’, ಮಲಗುವ ಹೊತ್ತಿಗೆ. ಕೆಲವು ಮಾತ್ರೆಯ ಮುಂದೆ ‘ಎಸ್.ಓ.ಎಸ್.’ ಎಂದು ಬರೆದಿರುತ್ತಾರೆ. ಅದನ್ನು ನೋಡಿ ನನ್ನ ಚಿಕ್ಕಮ್ಮ ಒಮ್ಮೆ ಗಾಬರಿಯಾಗಿದ್ದರು, ಮುಳುಗುವ ಹಡಗಿನವರು ಕಳಿಸುವ ಸಂದೇಶ ಅಂದುಕೊಂಡು. ಅದು ‘ಸಿ ಓಪುಸ್ ಸಿತ್’, ಬೇಕೆನಿಸಿದರೆ ಮಾತ್ರ ತಗೊಳ್ಳಿ ಎಂದು. ಗಡಿಯಾರದ ಎ.ಎಂ., ಪಿ.ಎಂ. ಕೂಡ ಲ್ಯಾಟಿನ್ನೇ. ಮಧ್ಯಾಹ್ನಕ್ಕೆ ಮುಂಚೆ, ಮಧ್ಯಾಹ್ನದ ಮೇಲೆ.

ಚೀಟಿ ಆಯಿತು, ಇನ್ನು ಬಸ್ಸು. ಕನ್ನಡ ವ್ಯಾಕರಣ ಓದಿದವರಿಗೆ ಇದು ನಗು ತರಿಸಬೇಕು. ಲ್ಯಾಟಿನ್‌ನಲ್ಲಿ ‘ಓಮ್ನಿಸ್’ ಎಂದರೆ ಎಲ್ಲ. ಅದಕ್ಕೆ ಚತುರ್ಥಿ ವಿಭಕ್ತಿಯ ಬಹುವಚನ ಹಚ್ಚಿದರೆ ‘ಓಮ್ನಿಬುಸ್’, ಎಲ್ಲರಿಗೆ. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಯಾರು ಬೇಕಾದರೂ ಹತ್ತಬಹುದಾದ ಕುದುರೆ ಗಾಡಿ ಶುರುವಾಯಿತು, ಅದಕ್ಕೆ ಈ ಹೆಸರಿಟ್ಟರು. 1829ರಲ್ಲಿ ಜಾರ್ಜ್ ಶಿಲಿಬಿಯರ್ ಎಂಬಾತ ಅದನ್ನು ಲಂಡನ್ನಿಗೆ ತಂದ. ಆತುರದ ಜನ ಓಮ್ನಿಬಸ್ ಅನ್ನುವ ಬದಲು ಕಡೆಯ ತುಂಡನ್ನಷ್ಟೇ ಉಳಿಸಿಕೊಂಡರು. ಅಂದರೆ ‘ಎಲ್ಲ’ ಹೋಯಿತು, ಪ್ರತ್ಯಯ ಉಳಿಯಿತು. ನಾವು ‘ಎಲ್ಲರಿಗೆ’ ಎಂಬ ಗಾಡಿಯ ಹೆಸರನ್ನು ಕತ್ತರಿಸಿ ‘ರಿಗೆ ಬಂತು, ರಿಗೆ ಹೋಯ್ತು’ ಎಂದು ಕೂಗಿದ ಹಾಗೆ! ದಿನಾ ಬಸ್ ಸ್ಟ್ಯಾಂಡಿನಲ್ಲಿ ನಾವು ಕಾಯುವುದು ಒಂದು ವಿಭಕ್ತಿ ಪ್ರತ್ಯಯಕ್ಕಾಗಿ.

ಈಗ ಸಂಸ್ಕೃತದ ವಿಷಯಕ್ಕೆ ಬರೋಣ. ಸ್ಕೂಟರಿನ ‘ಇಗ್ನಿಷನ್’ ಲ್ಯಾಟಿನ್‌ನ ‘ಇಗ್ನಿಸ್’ನಿಂದ ಬಂದದ್ದು, ಅರ್ಥ ಬೆಂಕಿ. ನಮ್ಮ ಅಗ್ನಿ ನೆನಪಾಗದೆ ಇರುತ್ತದೆಯೇ? ಡೆಂಟಿಸ್ಟ್‌ನಲ್ಲಿ ದಂತ. ಸರ್ಪೆಂಟ್‌ನಲ್ಲಿ ಸರ್ಪ. ವೆಹಿಕಲ್‌ನಲ್ಲಿ ವಾಹನ. ಡೊನೇಷನ್‌ನಲ್ಲಿ ದಾನ, ಕಾಲೇಜಿನ ಸೀಟಿಗೆ ಕೊಡುವ ಡೊನೇಷನ್ನನ್ನು ದಾನ ಎನ್ನಲು ಬಾಯಿ ಬರುವುದಿಲ್ಲ, ಅದು ಬೇರೆ ಮಾತು. ಮಸಲ್ ಅಂದರೆ ಸ್ನಾಯು. ಲ್ಯಾಟಿನ್‌ನಲ್ಲಿ ‘ಮುಸ್ಕುಲುಸ್’, ಪುಟ್ಟ ಇಲಿ. ತೋಳು ಮಡಚಿ ಬಿಗಿ ಮಾಡಿ ನೋಡಿ, ಚರ್ಮದ ಕೆಳಗೆ ಇಲಿ ಓಡಿದ ಹಾಗೆ ಕಾಣುತ್ತದೆ. ಗಣಪನ ಮೂಷಿಕ ಅದರ ನೆಂಟ. ‘ಡೇಟಾ’ ಎಂದರೆ ಲ್ಯಾಟಿನ್‌ನಲ್ಲಿ ಕೊಟ್ಟಂಥವು. ಅದನ್ನು ಕನ್ನಡದಲ್ಲಿ ‘ದತ್ತಾಂಶ’ ಎಂದೆವಲ್ಲ, ಆ ‘ದತ್ತ’ಕ್ಕೂ ಕೊಟ್ಟದ್ದು ಎಂದೇ ಅರ್ಥ, ಧಾತುವೂ ಒಂದೇ. ಕ್ರೆಡಿಟ್ ಕಾರ್ಡಿನ ‘ಕ್ರೆಡ್’, ಅಂದರೆ ನಂಬಿಕೆ. ಅದು ನಮ್ಮ ‘ಶ್ರದ್ಧೆ’ಯ ಅಕ್ಕ. ಸಿನಿಮಾ ನೋಡಿ ಬಂದು ‘ಸೂಪರ್’ ಅನ್ನುತ್ತೀರಲ್ಲ, ಅದು ಲ್ಯಾಟಿನ್‌ನಲ್ಲಿ ‘ಮೇಲೆ’. ಸಂಸ್ಕೃತದ ‘ಉಪರಿ’ ಅದಕ್ಕೆ ಸಂಬಂಧಿ.

ಇಷ್ಟು ನೋಡಿದವರು ‘ಹಾಗಾದರೆ ಸಂಸ್ಕೃತವೇ ತಾಯಿ’ ಎಂದು ಹಾರಿಬಿಡುತ್ತಾರೆ. ಅಲ್ಲ. ಕಲ್ಕತ್ತದಲ್ಲಿ ಜಡ್ಜ್ ಆಗಿದ್ದ ವಿಲಿಯಂ ಜೋನ್ಸ್ 1786ರ ಒಂದು ಭಾಷಣದಲ್ಲಿ ಹೇಳಿದ್ದು ಇದನ್ನೇ: ಸಂಸ್ಕೃತ, ಗ್ರೀಕ್, ಲ್ಯಾಟಿನ್ ಇವುಗಳ ನಡುವಿನ ಹೋಲಿಕೆ ಆಕಸ್ಮಿಕವಲ್ಲ, ಇವೆಲ್ಲ ಈಗ ಉಳಿದಿರದ ಯಾವುದೋ ಒಂದು ಭಾಷೆಯಿಂದ ಕವಲೊಡೆದಿರಬೇಕು. ಅಂದರೆ ಅಕ್ಕ-ತಂಗಿಯರು, ತಾಯಿ-ಮಗಳಲ್ಲ. ರಾಯ-ರಾಯಲ್ ನಂಟಿನ ಗುಟ್ಟೂ ಇದೇ. ತಾಯಿಯಲ್ಲ ಎನ್ನಲು ಸರಳವಾದ ಒಂದು ಸಾಕ್ಷಿ ಕೊಡುತ್ತೇನೆ. ಸಂಸ್ಕೃತದಲ್ಲಿ ನೂರಕ್ಕೆ ‘ಶತ’, ಹತ್ತಕ್ಕೆ ‘ದಶ’. ಲ್ಯಾಟಿನ್‌ನಲ್ಲಿ ‘ಕೆಂಟುಮ್’, ‘ದೆಕೆಮ್’. ಸೆಂಚುರಿ, ಪರ್ಸೆಂಟ್, ಡೆಸಿಮಲ್‌ಗಳನ್ನು ಇಂದು ಸಕಾರದಿಂದ ಹೇಳಿದರೂ ಹಳೆಯ ರೋಮನ್ನರು ಕಕಾರದಿಂದಲೇ ಹೇಳುತ್ತಿದ್ದರು. ಮೂಲದಲ್ಲಿದ್ದದ್ದು ಕಕಾರದಂಥ ಧ್ವನಿ. ಅದು ಸಂಸ್ಕೃತದಲ್ಲಿ ಶಕಾರವಾಯಿತು, ಲ್ಯಾಟಿನ್ ಹಾಗೇ ಉಳಿಸಿಕೊಂಡಿತು. ಮಗಳು ತಾಯಿಗಿಂತ ಹಳೆಯದನ್ನು ಉಳಿಸಿಕೊಂಡಿರಲು ಹೇಗೆ ಸಾಧ್ಯ?

ಇಲ್ಲಿ ಇನ್ನೊಂದು ವಿಷಯವನ್ನೂ ಮಕ್ಕಳಿಗೆ ಹೇಳಲೇಬೇಕು. ಈ ನಂಟು ಸಂಸ್ಕೃತದ್ದು, ಕನ್ನಡದ್ದಲ್ಲ. ನಮ್ಮದು ದ್ರಾವಿಡ ಬಳಗ. ಅಗ್ನಿ, ದಂತ, ದಾನ ಇವೆಲ್ಲ ನಾವು ಸಂಸ್ಕೃತದಿಂದ ತಂದುಕೊಂಡವು. ಬೆಂಕಿ, ಹಲ್ಲು, ಕೊಡುಗೆ ಎಂದು ನೋಡಿ, ಲ್ಯಾಟಿನ್‌ನ ಗಂಧವೂ ಇಲ್ಲ. ಅದಕ್ಕೇ ಹೋಲಿಕೆ ಕಂಡ ಕಡೆಯೆಲ್ಲ ನಂಟಸ್ತನ ಕಟ್ಟಬಾರದು. ಲ್ಯಾಟಿನ್‌ನಲ್ಲಿ ‘ಮಾನೇರೆ’ ಎಂದರೆ ತಂಗು, ಉಳಿ. ಅದರಿಂದ ‘ಮ್ಯಾನ್ಶನ್’. ಕೇಳಿದ ತಕ್ಷಣ ‘ಮನೆ’ ನೆನಪಾಗುತ್ತದೆ, ಸುಮ್ನೆ ಕಾಕತಾಳೀಯ. ಮನೆ ನಮ್ಮದೇ, ತಮಿಳಿನ ‘ಮನೈ’ ಅದರ ಸೋದರ. ಔಷಧಿ ಚೀಟಿಯ ‘ಹೋರಾ ಸೊಮ್ನಿ’ಯನ್ನು ಮತ್ತೆ ನೋಡಿ. ‘ಸೊಮ್ನಿ’ ನಿದ್ರೆ, ಅದು ಸಂಸ್ಕೃತದ ‘ಸ್ವಪ್ನ’ದ ನೆಂಟ. ಆದರೆ ‘ಹೋರಾ’ ನೆಂಟಸ್ತನವಲ್ಲ, ಎರವಲು. ಗ್ರೀಕರ ಪದವನ್ನು ರೋಮನ್ನರೂ ಎತ್ತಿಕೊಂಡರು, ನಮ್ಮ ಜ್ಯೋತಿಷಿಗಳೂ ಎತ್ತಿಕೊಂಡರು. ಪಂಚಾಂಗದ ಹೋರೆಯೂ ಇಂಗ್ಲಿಷಿನ ‘ಅವರ್’ ಕೂಡ ಹಾಗೆ ಬಂದವು. ಎರಡು ಪದ ಒಂದೇ ಥರ ಕಂಡರೆ ಮೂರು ಸಾಧ್ಯತೆ: ರಕ್ತಸಂಬಂಧ, ಎರವಲು, ಇಲ್ಲವೇ ಬರೀ ಆಕಸ್ಮಿಕ.

ಇನ್ನು ಕಲಿಸುವ ಪ್ರಶ್ನೆ. ಬೇರುಗಳ ಪಟ್ಟಿ ಬರೆಸಿ ಉರು ಹೊಡೆಸುವುದು ಬೇಡ. ನಾನೂ ಪಾಠ ಮಾಡುತ್ತಿದ್ದ ಮೊದಲ ವರ್ಷಗಳಲ್ಲಿ ಅದನ್ನೇ ಮಾಡಿ ಕೈ ಸುಟ್ಟುಕೊಂಡೆ. ಮಕ್ಕಳಿಗೆ ಒಂದರ ಬದಲು ಎರಡು ಭಾಷೆಯ ಭಯ ಶುರುವಾಯಿತು ಅಷ್ಟೇ. ಗೊತ್ತಿರುವ ಒಂದು ವಸ್ತುವಿನಿಂದ ಹೊರಡಿ. ಟ್ರ್ಯಾಕ್ಟರ್ ಅಂದುಕೊಳ್ಳಿ. ನಿಮ್ಮ ಶಾಲೆಯ ಮಕ್ಕಳಿಗೆ ಅದನ್ನು ವಿವರಿಸಬೇಕಿಲ್ಲ. ‘ಟ್ರ್ಯಾಕ್ಟ್’ ಎಂದರೆ ಎಳೆ. ತನ್ನ ಕಡೆಗೆ ಎಳೆದರೆ ಅಟ್ರ್ಯಾಕ್ಟ್. ಹೊರಗೆ ಎಳೆದರೆ ಎಕ್ಸ್‌ಟ್ರ್ಯಾಕ್ಟ್. ಗಮನವನ್ನು ಬೇರೆ ಕಡೆಗೆ ಎಳೆದರೆ ಡಿಸ್ಟ್ರ್ಯಾಕ್ಟ್. ಕೆಳಗಿನಿಂದ ಎಳೆದು ತೆಗೆದರೆ ಸಬ್‌ಟ್ರ್ಯಾಕ್ಟ್, ಅಂದರೆ ಕಳೆಯುವ ಲೆಕ್ಕ. ಎಲ್ಲವನ್ನೂ ಒಟ್ಟಿಗೆ ಎಳೆದರೆ ಕಾಂಟ್ರ್ಯಾಕ್ಟ್. ಅದು ಕುಗ್ಗುವುದೂ ಹೌದು, ಇಬ್ಬರನ್ನು ಒಂದು ಕರಾರಿಗೆ ಎಳೆದು ತರುವುದೂ ಹೌದು. ಈಗ ಅವರಿಗೆ ಕೇಳಿ, ಅಟ್ರ್ಯಾಕ್ಷನ್‌ಗೆ ಕನ್ನಡದಲ್ಲಿ ಏನು? ಆಕರ್ಷಣೆ. ಅದರೊಳಗಿನ ಧಾತು ‘ಕೃಷ್’. ಅದಕ್ಕೂ ಎಳೆಯುವುದು ಎಂದೇ ಅರ್ಥ, ನೇಗಿಲು ಎಳೆಯುವುದು. ಅದರಿಂದಲೇ ಕೃಷಿ. ಟ್ರ್ಯಾಕ್ಟರಿಗೂ ಅಟ್ರ್ಯಾಕ್ಷನ್‌ಗೂ ಇರುವ ಸಂಬಂಧವೇ ಕೃಷಿಗೂ ಆಕರ್ಷಣೆಗೂ ಇದೆ. ಈ ಎರಡು ಧಾತುಗಳು ನೆಂಟರಲ್ಲ ಎಂದು ನೆನಪಿರಲಿ, ಯೋಚನೆಯ ದಾರಿ ಮಾತ್ರ ಒಂದೇ.

ಅಂದರೆ ಲ್ಯಾಟಿನ್‌ನ ಆ ‘ಎಕ್ಸ್’, ‘ಸಬ್’, ‘ಕಾನ್’ ಎಂದು ಪದದ ಮುಂದೆ ಹಚ್ಚುವ ತುಂಡುಗಳು ಬೇರೇನೂ ಅಲ್ಲ, ಉಪಸರ್ಗ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂದು ಒಂದೇ ‘ಹಾರ’ಕ್ಕೆ ಬೇರೆ ಬೇರೆ ಟೋಪಿ ಹಾಕಿ ಅರ್ಥ ಬದಲಾಯಿಸುವುದನ್ನು ಅವರು ಕನ್ನಡ ಕ್ಲಾಸಿನಲ್ಲಿ ನೋಡಿದ್ದಾರೆ. ಇಂಗ್ಲಿಷ್ ಕ್ಲಾಸಿನಲ್ಲಿ ಅದನ್ನು ನೆನಪಿಸುವ ಕೆಲಸ ಮಾತ್ರ ನಿಮ್ಮದು. ಹತ್ತು ಹನ್ನೆರಡು ಉಪಸರ್ಗ, ಇಪ್ಪತ್ತು ಧಾತು ಬಂದರೆ ಹೈಸ್ಕೂಲಿಗೆ ಧಾರಾಳ ಸಾಕು.

ಆದರೆ ಕಾಲು ಜಾರುವ ಕಡೆಗಳಿವೆ. ಲ್ಯಾಟಿನ್‌ನ ‘ಪೆಡ್’ ಎಂದರೆ ಪಾದ, ಅದರಿಂದ ಪೆಡಲ್, ಪೆಡೆಸ್ಟ್ರಿಯನ್. ಹಾಗೆಂದು ಪೀಡಿಯಾಟ್ರಿಷಿಯನ್ ಪಾದದ ಡಾಕ್ಟರ್ ಅಲ್ಲ. ಅಲ್ಲಿರುವುದು ಗ್ರೀಕಿನ ಇನ್ನೊಂದು ಪದ, ಮಗು. ‘ಇನ್’ ಎಂದರೆ ಕೆಲವು ಕಡೆ ‘ಇಲ್ಲ’, ಇನ್‌ವಿಸಿಬಲ್‌ನಲ್ಲಿ ಇರುವಂತೆ. ಆದರೆ ಪೆಟ್ರೋಲ್ ಟ್ಯಾಂಕರಿನ ಹಿಂದೆ ಬರೆದಿರುವ ‘ಇನ್‌ಫ್ಲೇಮಬಲ್’ ನೋಡಿ ಇದಕ್ಕೆ ಬೆಂಕಿ ಹತ್ತುವುದಿಲ್ಲ ಅಂದುಕೊಂಡರೆ ಕಥೆ ಮುಗಿಯಿತು. ಅಲ್ಲಿ ‘ಇನ್’ ಎಂದರೆ ‘ಒಳಕ್ಕೆ’. ತಟ್ಟನೆ ಉರಿ ಹೊತ್ತಿಕೊಳ್ಳುವಂಥದ್ದು ಎಂದು ಅರ್ಥ. ಮೇಣವಿಲ್ಲದ್ದು ಎಂಬ ಮಾತಿನಿಂದ ‘ಸಿನ್ಸಿಯರ್’ ಹುಟ್ಟಿತು, ಮೋಸದ ಶಿಲ್ಪಿಗಳು ಬಿರುಕಿಗೆ ಮೇಣ ತುಂಬುತ್ತಿದ್ದರು ಎಂಬ ಕಥೆಯನ್ನೂ ಯಾರಾದರೂ ಕಳಿಸಿಯಾರು. ಅದೂ ಕಟ್ಟುಕಥೆ. ಲ್ಯಾಟಿನ್‌ನ ‘ಸಿಂಕೇರುಸ್’ ಎಂದರೆ ಶುದ್ಧ ಎಂದಷ್ಟೇ.

ಅರ್ಥ ಹೇಗೆ ಅಡ್ಡಾಡುತ್ತದೆ ಎಂದು ತೋರಿಸಲು ಕ್ಲಾಸಿನಲ್ಲಿ ನಾನು ಮೂರು ಪದ ಬಳಸುತ್ತಿದ್ದೆ. ‘ಕ್ಯಾಂಡಿಡೇಟ್’: ‘ಕಾಂದಿದುಸ್’ ಎಂದರೆ ಬೆಳ್ಳಗಿರುವುದು. ರೋಮಿನಲ್ಲಿ ಚುನಾವಣೆಗೆ ನಿಂತವರು ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿದ ಬಟ್ಟೆ ಹೊದ್ದು ಓಟು ಕೇಳಲು ಹೋಗುತ್ತಿದ್ದರು. ಎರಡು ಸಾವಿರ ವರ್ಷವಾದರೂ ಅಭ್ಯರ್ಥಿಗಳ ಬಟ್ಟೆಯ ಬಣ್ಣ ಬದಲಾಗಿಲ್ಲ. ‘ಅರೈವ್’: ‘ರೀಪಾ’ ಎಂದರೆ ದಡ, ದಡ ಮುಟ್ಟುವುದೇ ಅರೈವ್. ನಾವೂ ಕೆಲಸ ಮುಗಿದರೆ ದಡ ಸೇರಿತು ಅನ್ನುತ್ತೇವೆ. ಮೂರನೆಯದು ‘ರೈವಲ್’. ‘ರೀವುಸ್’ ಎಂದರೆ ಹಳ್ಳ, ತೊರೆ. ಒಂದೇ ತೊರೆಯ ನೀರು ಬಳಸುವ ಇಬ್ಬರು ‘ರಿವಾಲೆಸ್’. ಅವರು ಎದುರಾಳಿಗಳು ಹೇಗಾದರು ಎಂದು ಕಾವೇರಿ, ಮಹದಾಯಿ ಕಂಡವರಿಗೆ ಬಿಡಿಸಿ ಹೇಳಬೇಕೇ? ನೆನಪಿರಲಿ, ‘ರಿವರ್’ ಬಂದದ್ದು ಈ ರೀವುಸ್‌ನಿಂದಲ್ಲ, ಆ ದಡದ ರೀಪಾದಿಂದ.

ಕೊನೆಯದಾಗಿ ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ. ಅವಳ ಕಿವಿ ಚುರುಕಾಗಿದೆ, ಶಹಭಾಸ್ ಅನ್ನಿ. ಸೆಪ್ಟೆಮ್, ಓಕ್ಟೋ, ನೋವೆಮ್, ದೆಕೆಮ್. ಸಪ್ತ, ಅಷ್ಟ, ನವ, ದಶ. ರೋಮನ್ನರ ಹಳೆಯ ವರ್ಷ ಮಾರ್ಚ್‌ನಿಂದ ಶುರುವಾಗುತ್ತಿತ್ತು, ಹಾಗಾಗಿ ಹೆಸರಿನ ಲೆಕ್ಕ ಸರಿಯಾಗಿಯೇ ಇತ್ತು. ಜುಲೈ, ಆಗಸ್ಟ್ ಕೂಡ ಮೊದಲು ಐದನೆಯದು, ಆರನೆಯದು ಎಂಬ ಹೆಸರಿನವೇ ಆಗಿದ್ದವು. ಕ್ರಿ.ಪೂ. 44ರಲ್ಲಿ ಐದನೆಯದಕ್ಕೆ ಜೂಲಿಯಸ್ ಸೀಸರನ ಹೆಸರು, ಕ್ರಿ.ಪೂ. 8ರಲ್ಲಿ ಆರನೆಯದಕ್ಕೆ ಅಗಸ್ಟಸ್‌ನ ಹೆಸರು ಬಂತು. ವರ್ಷದ ತಲೆ ಜನವರಿಗೆ ಸರಿದ ಮೇಲೆ ಉಳಿದ ನಾಲ್ಕು ತಿಂಗಳ ಹೆಸರು ಎರಡೆರಡು ಮನೆ ಹಿಂದೆ ಬಿದ್ದವು. ಅವಳಿಗೆ ಯುಗಾದಿಯಿಂದ ಬೆರಳು ಮಡಚಿ ಎಣಿಸಲು ಹೇಳಿ. ಚೈತ್ರ ಹೆಚ್ಚುಕಡಿಮೆ ಮಾರ್ಚ್ ಕೊನೆಗೆ ಶುರುವಾಗುತ್ತದೆ. ಹತ್ತನೆಯ ಪುಷ್ಯ ಡಿಸೆಂಬರ್ ಕೊನೆಯ ಹೊತ್ತಿಗೆ ಬರುತ್ತದೆ.